ಅಂಟು ಹಾಕಿದವರು ಯಾರು, ಬಿಡಿಸಬೇಕಾದವರು ಯಾರು?

ಹಿಂದಿನ ತಲೆಮಾರಿನ ರೈತರಿಗೆ ‘ಬ್ಯಾಟರಿ’ ಎಂದರೆ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವಾಗ ಕೈಯಲ್ಲಿ ಹಿಡಿಯುವ ದೀಪ. ಅದರೊಳಗೆ ಹಾಕುವುದಕ್ಕೆ ‘ಶೆಲ್ಲು’ ಎಂಬ ಬೇರೆಯದೇ ಹೆಸರಿತ್ತು. ಶೆಲ್ಲಿನ ಶಕ್ತಿ ಕುಂದಿದಾಗ ಅದನ್ನು ಹೊರತೆಗೆದು ಬಿಸಿಲಿಗಿಡುತ್ತಿದ್ದರು; ಮತ್ತೊಂದು ರಾತ್ರಿಯ ಮಟ್ಟಿಗಾದರೂ ಬೆಳಕು ಬರುತ್ತಿತ್ತು. ಸತ್ತ ಶೆಲ್ಲನ್ನು ಒಳಗೇ ಬಿಟ್ಟರೆ ಅದರ ರಸ ಸೋರಿ ಬ್ಯಾಟರಿಗೆ ತುಕ್ಕು ಹಿಡಿಯುತ್ತದೆ ಎಂಬುದು ಅಕ್ಷರ ಬಾರದವರಿಗೂ ತಿಳಿದಿತ್ತು. ಮಕ್ಕಳಂತೂ ಹಳೆಯ ಶೆಲ್ಲನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕರಿಕಡ್ಡಿಯನ್ನು ತೆಗೆದು ಗೋಡೆಯ ಮೇಲೆ ಗೀಚುತ್ತಿದ್ದರು.

ಈ ಸಾಮಾನ್ಯ ರೂಢಿಯ ಹಿಂದೆ ಒಂದು ತಿಳಿವಳಿಕೆಯಿತ್ತು. ಸಾಧನ ಬೇರೆ, ಅದಕ್ಕೆ ಶಕ್ತಿಯೂಡುವ ಶೆಲ್ಲು ಬೇರೆ. ಒಂದು ಕೆಟ್ಟರೆ ಅದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಬಹುದು. ಆ ತಿಳಿವಳಿಕೆಯನ್ನೂ, ಅದನ್ನು ಬಳಸುವ ಹಕ್ಕನ್ನೂ ಇಂದಿನ ಸ್ಮಾರ್ಟ್‌ಫೋನು ಜನರ ಕೈಯಿಂದ ಸದ್ದಿಲ್ಲದೆ ಕಸಿದುಕೊಂಡಿದೆ. ಇಂದಿನ ಫೋನಿನ ಬ್ಯಾಟರಿಯನ್ನು ಗೋಂದಿನಿಂದ ಅಂಟಿಸಿ ಮುಚ್ಚಲಾಗಿರುತ್ತದೆ. ಕೊಂಡವನು ಅದನ್ನು ನೋಡಲೂ ಆಗದು, ತೆಗೆಯಲೂ ಆಗದು. ಆದರೆ ಫೋನು ಸತ್ತ ದಿನ ಅದನ್ನು ಏನು ಮಾಡಬೇಕೆಂಬ ಚಿಂತೆ ಮಾತ್ರ ಕೊಂಡವನದೇ ಆಗಿ ಉಳಿಯುತ್ತದೆ.

ಜಂಗಮವಾಣಿಯೊಳಗಿನ ಸ್ಥಾವರ

ಮೊಬೈಲು ಹಳ್ಳಿಗಳಿಗೆ ಬಂದ ಹೊಸದರಲ್ಲಿ ಕನ್ನಡ ಪತ್ರಿಕೆಗಳು ಅದನ್ನು ‘ಜಂಗಮವಾಣಿ’ ಎಂದು ಕರೆದವು. ಆಗಿನ ಮೊಬೈಲಿನ ಹಿಂಬದಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿದರೆ ಬ್ಯಾಟರಿ ಅಂಗೈಗೆ ಬರುತ್ತಿತ್ತು. ಮಳೆಗೆ ನೆನೆದರೆ ಅದನ್ನು ತೆಗೆದು ಒರೆಸಿ ಒಣಗಿಸುತ್ತಿದ್ದರು. ಹಾಳಾದರೆ ಸಂತೆಗೆ ಹೋದವರು ಹೊಸದನ್ನು ತಂದು ಹಾಕುತ್ತಿದ್ದರು. ನೋಕಿಯಾ ಕಂಪನಿಯ ‘ಬಿಎಲ್-5ಸಿ’ ಎಂಬ ಚಪ್ಪಟೆ ಬ್ಯಾಟರಿಯನ್ನು ಕಾಣದ ಮನೆಯೇ ಆಗ ವಿರಳವಾಗಿತ್ತು. ಫೋನು ಹೋದ ಮೇಲೂ ಅದೇ ಅಳತೆಯ ಬ್ಯಾಟರಿ ಸಣ್ಣ ಎಫ್.ಎಂ. ರೇಡಿಯೋಗಳಲ್ಲಿ ಬಾಳಿತು.

2007ರ ಆಗಸ್ಟ್ ತಿಂಗಳಲ್ಲಿ ಇದೇ ಬಿಎಲ್-5ಸಿ ಸುದ್ದಿಯಾಯಿತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಜಪಾನಿನ ಮತ್ಸುಶಿತಾ ಕಂಪನಿ ತಯಾರಿಸಿಕೊಟ್ಟಿದ್ದ ಸುಮಾರು 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗುವ ಸಂಭವವಿದೆ ಎಂದು ನೋಕಿಯಾ ಎಚ್ಚರಿಸಿತು. ಕೇಳಿದವರಿಗೆ ಉಚಿತವಾಗಿ ಬದಲಿಸಿಕೊಡುವುದಾಗಿಯೂ ಹೇಳಿತು. ಜನ ಗಾಬರಿಯಾದರೂ ಮಾಡಬೇಕಾದ ಕೆಲಸ ಸರಳವಾಗಿತ್ತು. ಮುಚ್ಚಳ ತೆಗೆದು ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಓದುವುದು, ದೋಷವಿದ್ದರೆ ಅದನ್ನಷ್ಟೇ ಮರಳಿಸುವುದು, ಫೋನನ್ನು ಉಳಿಸಿಕೊಳ್ಳುವುದು.

ಒಂಬತ್ತು ವರ್ಷಗಳ ಬಳಿಕ, 2016ರಲ್ಲಿ, ಸ್ಯಾಮ್ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್ 7 ಎಂಬ ಫೋನುಗಳು ಹೊತ್ತಿಕೊಳ್ಳತೊಡಗಿದವು. ಮೊದಲ ಸುತ್ತಿನಲ್ಲೇ ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಬದಲಿಯಾಗಿ ಕೊಟ್ಟ ಫೋನುಗಳೂ ಸುಟ್ಟಾಗ ಆ ಮಾದರಿಯ ತಯಾರಿಕೆಯೇ ನಿಂತಿತು. ದೋಷವಿದ್ದದ್ದು ಬ್ಯಾಟರಿಯಲ್ಲಿ ಎಂದು 2017ರ ಜನವರಿಯಲ್ಲಿ ಕಂಪನಿಯೇ ಪ್ರಕಟಿಸಿತು. ಆದರೆ ಅದನ್ನು ಫೋನಿನೊಳಗೆ ಕಟ್ಟಿ ಮುಚ್ಚಲಾಗಿತ್ತು. ಆದ್ದರಿಂದ ಬ್ಯಾಟರಿಯ ತಪ್ಪಿಗೆ ಇಡೀ ಫೋನು ಬಲಿಯಾಯಿತು. ಈ ಒಂಬತ್ತು ವರ್ಷಗಳ ನಡುವೆ ಆದ ಬದಲಾವಣೆಯೇ ಇಂದಿನ ಸಮಸ್ಯೆಯ ಬೇರು. ಜಂಗಮವಾಣಿಯೊಳಗಿನ ಬ್ಯಾಟರಿ ಸ್ಥಾವರವಾಯಿತು.

ಹಂಸಭಾವಿಯಂಥ ಊರಿನಲ್ಲಿ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಮಲೆನಾಡಿಗೂ ಬಯಲಿಗೂ ನಡುವಿನ ಅರೆಮಲೆನಾಡಿನ ಊರು. ಮೃತ್ಯುಂಜಯ ವಿದ್ಯಾಪೀಠದ ಶಾಲೆ, ಕಾಲೇಜುಗಳಿಂದಾಗಿ ಸುತ್ತಲಿನ ಹಳ್ಳಿಗಳ ಮಕ್ಕಳು ಓದಲು ಬರುವ ಹೋಬಳಿ ಕೇಂದ್ರ. ಗೋವಿನಜೋಳ, ಹತ್ತಿ ಬೆಳೆಯುವ ಸೀಮೆ. ಇಂಥ ಊರಿನಲ್ಲಿ ಹಳೆಯ ಸ್ಮಾರ್ಟ್‌ಫೋನಿನ ಗತಿ ಏನಾಗುತ್ತದೆ ಎಂದು ಯೋಚಿಸಿದರೆ ಸಮಸ್ಯೆಯ ನಿಜವಾದ ರೂಪ ಕಾಣುತ್ತದೆ.

2020 ಮತ್ತು 2021ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ, ಪಾಠ ಮೊಬೈಲಿಗೆ ಬಂದಾಗ ಅನೇಕ ಬಡ ಕುಟುಂಬಗಳು ಸಾಲ ಮಾಡಿಯಾದರೂ ಮಕ್ಕಳಿಗಾಗಿ ಅಗ್ಗದ ಸ್ಮಾರ್ಟ್‌ಫೋನು ಕೊಂಡವು. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ತಾಡಪಾಲಿನ ಕೆಳಗೆ ಕುಳಿತು ಪಾಠ ಕೇಳಿದ ದೃಶ್ಯಗಳನ್ನು ನಾಡು ಇನ್ನೂ ಮರೆತಿಲ್ಲ. ಆ ಫೋನುಗಳಿಗೆ ಈಗ ವಯಸ್ಸಾಗಿದೆ. ಕೆಲವುಗಳ ಬ್ಯಾಟರಿ ಒಂದು ಗಂಟೆಯೂ ನಿಲ್ಲದು. ಕೆಲವು ಉಬ್ಬಿ ಗಾಜಿನ ಪರದೆಯನ್ನೇ ಮೇಲಕ್ಕೆತ್ತಿವೆ.

ಅವು ಸೇರುವ ಜಾಗಗಳು ಮೂರು. ಮೊದಲನೆಯದು ಟ್ರಂಕು ಅಥವಾ ಗೋಡೆಗೂಡು. ಮಗನ ಮದುವೆಯ ಚಿತ್ರಗಳೋ ತೀರಿಕೊಂಡ ಹಿರಿಯರ ದನಿಯೋ ಅದರಲ್ಲಿ ಇದೆಯೆಂದು ಫೋನನ್ನು ಬಟ್ಟೆಗಳ ನಡುವೆ ಇಟ್ಟಿರುತ್ತಾರೆ. ಎರಡನೆಯದು ಬೀದಿಯ ವ್ಯಾಪಾರ. ಹಳೆಯ ಮೊಬೈಲಿಗೆ ಪ್ಲಾಸ್ಟಿಕ್ ಬುಟ್ಟಿ, ಬಕೆಟ್ಟು ಕೊಡುವುದಾಗಿ ಧ್ವನಿವರ್ಧಕದಲ್ಲಿ ಕೂಗುತ್ತ ಬರುವವರಿಗೋ ಗುಜರಿಯವರಿಗೋ ಅದು ಹೋಗುತ್ತದೆ. ಗುಜರಿಯವನಿಗೆ ಬೇಕಾದದ್ದು ಒಳಗಿನ ಹಸಿರು ಹಲಗೆ. ಸುತ್ತಿಗೆ, ಉಳಿಗಳಿಂದ ಅದನ್ನು ಎಬ್ಬಿಸುವಾಗ ಬ್ಯಾಟರಿಗೆ ಏಟು ಬೀಳುವುದು ಅವನ ಲೆಕ್ಕದಲ್ಲಿಲ್ಲ. ಮೂರನೆಯದು ತಿಪ್ಪೆ. ಮನೆಯ ಕಸವೆಲ್ಲ ತಿಪ್ಪೆಗೆ, ತಿಪ್ಪೆಯ ಗೊಬ್ಬರವೆಲ್ಲ ಮುಂಗಾರಿಗೆ ಮುನ್ನ ಹೊಲಕ್ಕೆ. ಸಗಣಿ, ಬೂದಿ, ಸಿಪ್ಪೆಗಳ ಕಾಲಕ್ಕೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇರಲಿಲ್ಲ. ಆದರೆ ತಿಪ್ಪೆಗೆ ಬಿದ್ದ ಬ್ಯಾಟರಿಯೂ ಅದೇ ದಾರಿ ಹಿಡಿದು, ಗೊಬ್ಬರದ ಚಕ್ಕಡಿಯಲ್ಲಿ ಕುಳಿತು ಹೊಲ ಸೇರುತ್ತದೆ. ನೇಗಿಲಿನ ಕುಳವೋ ಟ್ರ್ಯಾಕ್ಟರಿನ ಚಕ್ರವೋ ಅದನ್ನು ಸೀಳುತ್ತದೆ. ಇಲ್ಲವೆ ಬೇಸಿಗೆಯಲ್ಲಿ ಕಸಕ್ಕೆ ಹಚ್ಚಿದ ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಪಕ್ಕದಲ್ಲೇ ಮೇವಿನ ಬಣವೆ ಇರುತ್ತದೆ.

ಕೈಬಿಡಬೇಕಾದ ಹಳೆಯ ರೂಢಿಗಳು

ಶೆಲ್ಲಿಗೆ ಮಾಡಿದಂತೆ ಇದಕ್ಕೂ ಮಾಡಿದರಾಯಿತು ಎಂಬ ಭಾವನೆಯೇ ಇಲ್ಲಿ ದೊಡ್ಡ ಅಪಾಯ. ಟಾರ್ಚಿನ ಶೆಲ್ಲು ಸತುವಿನ ಡಬ್ಬಿ, ಕರಿಕಡ್ಡಿ ಮತ್ತು ನೀರಿನಂಶದ ರಸದಿಂದಾದದ್ದು. ಸ್ಮಾರ್ಟ್‌ಫೋನಿನ ಬ್ಯಾಟರಿ ಲಿಥಿಯಂ-ಅಯಾನ್ ಜಾತಿಯದು. ಸೋನಿ ಕಂಪನಿ 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಸಾಧನೆ ದೊಡ್ಡದು, ಸಂದೇಹವಿಲ್ಲ. ಆದರೆ ಅದರ ಸ್ವಭಾವ ಶೆಲ್ಲಿನದಲ್ಲ.

ಅದರೊಳಗೆ ಒಂದು ಕಡೆ ಕೋಬಾಲ್ಟಿನಂಥ ಲೋಹ ಬೆರೆತ ಲೇಪವಿರುವ ತೆಳು ಅಲ್ಯೂಮಿನಿಯಂ ಹಾಳೆ, ಇನ್ನೊಂದು ಕಡೆ ಗ್ರಾಫೈಟ್ ಲೇಪದ ತಾಮ್ರದ ಹಾಳೆ. ಇವೆರಡೂ ತಾಗದಂತೆ ನಡುವೆ ತಲೆಗೂದಲಿಗಿಂತಲೂ ತೆಳುವಾದ, ಸೂಕ್ಷ್ಮ ರಂಧ್ರಗಳ ಪ್ಲಾಸ್ಟಿಕ್ ಪೊರೆ. ಈ ಪದರಗಳನ್ನು ನೆನೆಸಿರುವ ದ್ರವ ನೀರಲ್ಲ, ಬೆಂಕಿ ಹತ್ತುವ ರಾಸಾಯನಿಕ. ಚೂಪಾದ ಸಾಧನ ತಾಗಿ ಪೊರೆ ಹರಿದರೂ, ಬ್ಯಾಟರಿ ಬಾಗಿದರೂ ಎರಡು ಬದಿಗಳು ಕೂಡಿ ಒಳಗೇ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಇನ್ನಷ್ಟು ರಾಸಾಯನಿಕ ಕ್ರಿಯೆ ನಡೆದು ಮತ್ತಷ್ಟು ಬಿಸಿ ಹೆಚ್ಚುತ್ತದೆ. ಈ ಸರಣಿ ಒಮ್ಮೆ ಹೊರಟರೆ ತಾನಾಗಿ ನಿಲ್ಲುವುದಿಲ್ಲ. ಹೊರಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ, ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಡುವ ಅನಿಲವೂ ಇರಬಹುದು. ಗಾತ್ರ ಕಂಡು ಮೋಸಹೋಗಬಾರದು. ಇಂದಿನ ಫೋನುಗಳಲ್ಲಿ ಸಾಮಾನ್ಯವಾದ 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಹಳೆಯ ಬಿಎಲ್-5ಸಿಯ ಸುಮಾರು ಐದು ಪಟ್ಟು ಶಕ್ತಿಯನ್ನು ಹಿಡಿದಿಡುತ್ತದೆ. 9 ವಾಟಿನ ಒಂದು ಬಲ್ಬನ್ನು ಎರಡು ಗಂಟೆ ಉರಿಸುವಷ್ಟು.

ಆದ್ದರಿಂದ ಬಿಸಿಲಿಗಿಡುವುದು, ಕಲ್ಲಿನಿಂದ ಜಜ್ಜುವುದು, ಒಲೆಗೆ ಎಸೆಯುವುದು, ಮೂರೂ ಈ ಬ್ಯಾಟರಿಯ ಮಟ್ಟಿಗೆ ಕೈಬಿಡಬೇಕಾದ ರೂಢಿಗಳು. ಉಬ್ಬಿದ ಬ್ಯಾಟರಿಯ ‘ಗಾಳಿ ತೆಗೆಯಲು’ ಸೂಜಿಯಿಂದ ಚುಚ್ಚುವುದಂತೂ ಬೆಂಕಿಯನ್ನು ಕರೆದು ಕೂರಿಸಿದಂತೆ. ಒಳಗಿರುವುದು ಗಾಳಿಯಲ್ಲ, ದ್ರವ ಕೊಳೆತು ಹುಟ್ಟಿದ ಅನಿಲ.

ಒಂದು ಬ್ಯಾಟರಿ ಬಿದ್ದ ಮಾತ್ರಕ್ಕೆ ಕೆರೆ ವಿಷವಾಗುತ್ತದೆ ಎನ್ನುವುದು ಅತಿಶಯೋಕ್ತಿ. ತಕ್ಷಣದ ಅಪಾಯ ಬೆಂಕಿ ಮತ್ತು ಹೊಗೆಯದು. ಆದರೆ ಮನೆಗೆರಡರಂತೆ, ಊರಿಗೆ ನೂರರಂತೆ ಸೇರುತ್ತ ಹೋದಾಗ ಮಣ್ಣು ಮತ್ತು ನೀರಿನ ಪ್ರಶ್ನೆಯೂ ಏಳುತ್ತದೆ. ಸಾಗರದ ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ದಾಟಿ ಹಾನಗಲ್ಲು, ಸವಣೂರು ಸೀಮೆಗೆ ಬರುತ್ತಾಳೆ. ಹೊಸನಗರದ ಕಡೆಯಿಂದ ಶಿಕಾರಿಪುರದ ಮೂಲಕ ಇಳಿಯುವ ಕುಮುದ್ವತಿಯ ನೀರು ಹಿರೇಕೆರೂರಿನ ಮದಗ-ಮಾಸೂರು ಕೆರೆಗೆ ಸೇರುತ್ತದೆ. ಘಟ್ಟದ ಮೇಲಿನವರು ಹಳ್ಳಕ್ಕೆ ಎಸೆದದ್ದು ಘಟ್ಟದ ಸೆರಗಿನವರ ಪಾಲಿಗೆ ಬರುತ್ತದೆ. ಮಲೆನಾಡಿನ ಓದುಗರು ಹಂಸಭಾವಿಯ ಮಾತನ್ನು ತಮ್ಮದೆಂದು ಕೇಳಬೇಕಾದುದು ಇದಕ್ಕಾಗಿ.

ತೆಗೆಯುವ ಕೆಲಸ ಯಾರದು?

ಹಾಗಾದರೆ ಫೋನನ್ನು ಎಸೆಯುವ ಮುನ್ನ ಪ್ರತಿಯೊಬ್ಬರೂ ಬ್ಯಾಟರಿಯನ್ನು ಬಿಡಿಸಬೇಕೇ? ಖಂಡಿತ ಬೇಡ. ಅಧಿಕೃತವಾಗಿ ಸಂಗ್ರಹಿಸುವವರಿಗೆ ಇಡೀ ಫೋನನ್ನು ಬ್ಯಾಟರಿಯ ಸಮೇತ ಕೊಡುವುದೇ ಮನೆಯವರ ಪಾಲಿಗೆ ಸುರಕ್ಷಿತ ದಾರಿ. ಅವರು ಮಾಡಬೇಕಾದುದು ಇಷ್ಟು: ಬೇಕಾದ ಚಿತ್ರಗಳನ್ನು ಬೇರೆಡೆಗೆ ಸಾಗಿಸಿ, ಉಳಿದುದನ್ನು ಅಳಿಸಿ, ಸಿಮ್ಮು ಮತ್ತು ಮೆಮೊರಿ ಕಾರ್ಡುಗಳನ್ನು ತೆಗೆದುಕೊಂಡು, ಚಾರ್ಜು ಇಳಿಯುವವರೆಗೆ ಬಳಸಿ, ಸ್ವಿಚ್ ಆಫ್ ಮಾಡಿ ಕೊಡುವುದು. ಬ್ಯಾಟರಿ ಉಬ್ಬಿದ ಫೋನನ್ನು ಮಾತ್ರ ಚಾರ್ಜಿಗೂ ಹಾಕಬಾರದು, ಬಳಸುವುದಕ್ಕೂ ಹೋಗಬಾರದು. ತಕ್ಷಣ ಆರಿಸಿ ಬೇರೆ ಇಡಬೇಕು. ಪರದೆಯೂ ಒಡೆದು, ಬ್ಯಾಟರಿಯೂ ಉಬ್ಬಿದ ಫೋನನ್ನು ಮನೆಯಲ್ಲಿ ಬಿಚ್ಚುವ ಕುತೂಹಲ ಯಾವ ವಿದ್ಯಾರ್ಥಿಗೂ ಬೇಡ.

ಬಿಡಿಸುವ ಕೆಲಸ ಸೇರಬೇಕಾದುದು ರಿಪೇರಿ ಬಲ್ಲವರಿಗೆ. ಹೋಬಳಿ ಊರುಗಳಲ್ಲಿ ಮೊಬೈಲ್ ರಿಪೇರಿ ಅಂಗಡಿಗಳಿವೆ. ಅಲ್ಲಿನ ಯುವಕರಲ್ಲಿ ಹೆಚ್ಚಿನವರು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತವರು. ಕೈಚಳಕಕ್ಕೆ ಕೊರತೆಯಿಲ್ಲ, ಆದರೆ ಬ್ಲೇಡು, ಸ್ಕ್ರೂಡ್ರೈವರುಗಳಿಂದ ಬ್ಯಾಟರಿಯನ್ನು ಮೀಟುವ ಅಭ್ಯಾಸ ಹಲವರಲ್ಲಿದೆ. ಸರಿಯಾದ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು.

ಮೊದಲು ಚಾರ್ಜನ್ನು ಪೂರ್ತಿ ಇಳಿಸಬೇಕು. ತುಂಬಿದ ಬ್ಯಾಟರಿಗಿಂತ ಖಾಲಿಯಾದುದು ಹೊತ್ತಿಕೊಳ್ಳುವ ಸಂಭವ ಬಹಳ ಕಡಿಮೆ. ಕಣ್ಣಿಗೆ ಕನ್ನಡಕವಿರಲಿ, ಕಿಟಕಿ ತೆರೆದಿರಲಿ, ಮೇಜಿನ ಪಕ್ಕ ಒಣಮರಳು ತುಂಬಿದ ಬಕೆಟ್ಟಿರಲಿ. ಹಿಂಬದಿಯ ಮುಚ್ಚಳದ ಗೋಂದನ್ನು ಸಡಿಲಿಸಲು 60 ಡಿಗ್ರಿ ಸೆಲ್ಸಿಯಸ್ ಮೀರದ ಹದವಾದ ಬಿಸಿ ಸಾಕು; ಮೇಣದಬತ್ತಿ, ಇಸ್ತ್ರಿಪೆಟ್ಟಿಗೆಗಳ ಉಪಾಯ ಬೇಡ. ಒಳಗೆ ತೆರೆದ ಮೇಲೆ ಮೊದಲ ಕೆಲಸ ಬ್ಯಾಟರಿಯಿಂದ ಹಲಗೆಗೆ ಹೋಗುವ ಸಂಪರ್ಕವನ್ನು ಪ್ಲಾಸ್ಟಿಕ್ ಸಾಧನದಿಂದ ಬಿಡಿಸುವುದು. ಕೆಲವು ಫೋನುಗಳಲ್ಲಿ ಬ್ಯಾಟರಿಯ ಅಂಚಿನಲ್ಲಿ ಎಳೆಯುವ ಪಟ್ಟಿಗಳಿರುತ್ತವೆ. ಅವನ್ನು ಮೇಲಕ್ಕೆ ಕೀಳದೆ, ಸಮತಟ್ಟಾಗಿ ನಿಧಾನ ಎಳೆದರೆ ಅಂಟು ಉದ್ದಕ್ಕೆ ಹಿಗ್ಗಿ ಹೊರಬರುತ್ತದೆ. ಪಟ್ಟಿ ಇಲ್ಲದಿದ್ದರೆ, ಫೋನು ಪೂರ್ತಿ ತಣಿದ ಮೇಲೆ, ಹತ್ತಿರ ಬೆಂಕಿಯ ಕಿಡಿಯೂ ಇಲ್ಲದಂತೆ ನೋಡಿಕೊಂಡು, ಬ್ಯಾಟರಿಯ ಅಂಚಿಗೆ ಐಸೋಪ್ರೊಪೈಲ್ ಆಲ್ಕೋಹಾಲಿನ ಕೆಲವು ಹನಿ ಬಿಟ್ಟು ಐದಾರು ನಿಮಿಷ ಕಾಯಬೇಕು. ಬಳಿಕ ಹಳೆಯ ಎಟಿಎಂ ಕಾರ್ಡಿನಂಥ ಪ್ಲಾಸ್ಟಿಕ್ ತುಂಡನ್ನೋ ಗಟ್ಟಿ ದಾರವನ್ನೋ ಕೆಳಗೆ ತೂರಿಸಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಬಾಗಿಸಬಾರದು, ಲೋಹದ ಮೊನೆ ತಾಗಿಸಬಾರದು. ಬಾರದಿದ್ದರೆ ಬಲ ಹಾಕದೆ ಮತ್ತೆರಡು ಹನಿ ಬಿಟ್ಟು ಮತ್ತೆ ಕಾಯಬೇಕು. ಉಬ್ಬಿದ ಬ್ಯಾಟರಿಯನ್ನು ಬಿಸಿ ಮಾಡಲೇಬಾರದು.

ಹೊರಬಂದ ಬ್ಯಾಟರಿಯ ಸಂಪರ್ಕದ ತುದಿಗೆ ವೈರಿಂಗಿನವರು ಬಳಸುವ ಇನ್ಸುಲೇಶನ್ ಟೇಪು ಸುತ್ತಿ, ಒಂದಕ್ಕೊಂದು ತಾಗದಂತೆ ಒಣಮರಳಿನ ಪದರಗಳ ನಡುವೆ ಕಬ್ಬಿಣದ ಡಬ್ಬಿಯಲ್ಲೋ ಮಣ್ಣಿನ ಗಡಿಗೆಯಲ್ಲೋ ಇಡಬೇಕು. ಮುಚ್ಚಳ ಬಿಗಿಯಾಗಿರಬಾರದು. ಬಿಸಿಲು, ಒಲೆ, ಮೇವು, ಎಣ್ಣೆ ಡಬ್ಬಿಗಳಿಂದ ಅದು ದೂರವಿರಬೇಕು. ಉಬ್ಬಿದುದನ್ನು ಬಸ್ಸಿನಲ್ಲಾಗಲಿ ಅಂಚೆಯಲ್ಲಾಗಲಿ ಸಾಗಿಸಬಾರದು. ಬ್ಯಾಟರಿ ಹೊಗೆಯಾಡಿದರೆ ಕೈಯಲ್ಲಿ ಹಿಡಿಯದೆ, ಹೊಗೆ ಕುಡಿಯದೆ ಹಿಂದೆ ಸರಿಯಬೇಕು. ಹತ್ತಿರದಲ್ಲಿದ್ದರೆ ಮರಳು ಸುರಿದು ಉರಿಯನ್ನು ಹರಡದಂತೆ ತಡೆಯಬೇಕು, ಇಲ್ಲವೆ ದೂರದಿಂದ ಧಾರಾಳ ನೀರು ಸುರಿದು ತಣಿಸಬೇಕು. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳುವುದುಂಟು. ಆದುದರಿಂದ ಕೆಲವು ಗಂಟೆ ಅದನ್ನು ಬಯಲಿನಲ್ಲೇ ಬಿಡಬೇಕು.

ನಿಯಮವಿದೆ, ಡಬ್ಬಿಯಿಲ್ಲ

ಇಷ್ಟೆಲ್ಲ ಎಚ್ಚರಿಕೆಗಳ ಪಟ್ಟಿಯನ್ನು ಓದಿದವರಿಗೆ ಒಂದು ಪ್ರಶ್ನೆ ಏಳಬೇಕು. ಅಂಟಿಸಿದವರು ಬೇರೆ, ಲಾಭ ಪಡೆದವರು ಬೇರೆ. ಅಪಾಯದ ಹೊರೆ ಮಾತ್ರ ಹಳ್ಳಿಯ ಗೃಹಿಣಿಗೂ ರಿಪೇರಿ ಹುಡುಗನಿಗೂ ಗುಜರಿಯವನಿಗೂ ಏಕೆ?

ಕಾನೂನು ಈ ಪ್ರಶ್ನೆಯನ್ನು ಕೇಳದೆ ಬಿಟ್ಟಿಲ್ಲ. 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಸೀಮಿತವಾಗಿದ್ದವು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮೊಬೈಲಿನ ಬ್ಯಾಟರಿಯನ್ನೂ ಒಳಗೊಂಡವು. ಮಾರುಕಟ್ಟೆಗೆ ಬಿಟ್ಟ ಉತ್ಪಾದಕನೇ ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒದಗಿಸಬೇಕು ಎಂಬುದು ಅವುಗಳ ತಿರುಳು. ಸಣ್ಣ ಬ್ಯಾಟರಿಗಳಲ್ಲಿರುವ ವಸ್ತುಗಳ ಮರುಪಡೆಯುವಿಕೆಯ ಗುರಿಯನ್ನು 2024–25ಕ್ಕೆ ಶೇಕಡಾ 70, 2026–27ರಿಂದ ಶೇಕಡಾ 90 ಎಂದು ನಿಗದಿ ಮಾಡಲಾಯಿತು. ಬಳಕೆದಾರನು ಬ್ಯಾಟರಿಯನ್ನು ಮನೆಯ ಕಸದಿಂದ ಬೇರ್ಪಡಿಸಿ ಸಂಗ್ರಹಿಸುವವರಿಗೆ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಫೋನಿನಂಥ ಸಾಧನಗಳಿಗೆ ಅನ್ವಯಿಸುವ ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಕಾಗದದ ಮೇಲೆ ಇದು ಸೊಗಸಾದ ವ್ಯವಸ್ಥೆ. ಆದರೆ ಈ ಗುರಿಗಳ ಲೆಕ್ಕವಿರುವುದು ತೂಕದಲ್ಲಿ, ಊರುಗಳಲ್ಲಲ್ಲ. ಕಂಪನಿಯು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಪಡೆದರೆ ಅದರ ಹೊಣೆ ತೀರಿತು. ಆ ತೂಕ ಬೆಂಗಳೂರಿನ ಕಚೇರಿಗಳಿಂದ ಬಂದರೂ ಸರಿ, ಹಿರೇಕೆರೂರಿನಿಂದ ಒಂದು ಗ್ರಾಮೂ ಬಾರದಿದ್ದರೂ ಸರಿ. ಭಾರತದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವೆಂದು ಹೆಸರಾದ ‘ಇ-ಪರಿಸರ’ 2005ರಲ್ಲಿ ಆರಂಭವಾದದ್ದು ಕರ್ನಾಟಕದಲ್ಲೇ, ದಾಬಸ್‌ಪೇಟೆಯಲ್ಲಿ. ಈ ರಾಜ್ಯಕ್ಕೆ ಅದು ಹೆಮ್ಮೆಯ ಸಂಗತಿ. ಆದರೆ ದಾಬಸ್‌ಪೇಟೆಗೂ ಹಂಸಭಾವಿಗೂ ನಡುವೆ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರು. ಒಂದು ಸತ್ತ ಫೋನನ್ನು ಕೊಡಲು ಅಷ್ಟು ದೂರ ಹೋಗುವವರು ಯಾರು? ಬಳಕೆದಾರ ತನ್ನ ಕರ್ತವ್ಯ ಮಾಡಬೇಕೆನ್ನುವ ನಿಯಮ, ಅದನ್ನು ಮಾಡುವ ಜಾಗವನ್ನು ಅವನ ಊರಿನಲ್ಲಿ ತೋರಿಸಬೇಕು.

ಅಂಟಿನ ಪ್ರಶ್ನೆ ಇನ್ನೂ ಮೂಲದ್ದು. ಫೋನು ತೆಳುವಾಗಲು, ಒಳಗೆ ನೀರು ಹೋಗದಿರಲು, ಮೆತ್ತನೆಯ ಹೊದಿಕೆಯ ಬ್ಯಾಟರಿ ಅಲುಗಾಡದಿರಲು ಅಂಟು ಬೇಕೆಂದು ತಯಾರಕರು ಹೇಳುತ್ತಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಮಳೆಯ ನಾಡಿನಲ್ಲಿ ನೀರು ಹೊಗದ ಫೋನಿನ ಬೆಲೆ ಜನರಿಗೂ ಗೊತ್ತು. ಆದರೆ ಎಳೆದರೆ ಬಿಡುವ ಪಟ್ಟಿಯನ್ನು ಕೆಲವು ಫೋನುಗಳಲ್ಲಿ ಅಳವಡಿಸಲು ಸಾಧ್ಯವಾದರೆ ಎಲ್ಲದರಲ್ಲೂ ಏಕೆ ಸಾಧ್ಯವಿಲ್ಲ? ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮವು, 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರನೇ ಸುಲಭವಾಗಿ ತೆಗೆಯುವಂತಿರಬೇಕು ಎನ್ನುತ್ತದೆ. ದೀರ್ಘ ಬಾಳಿಕೆಯ, ನೀರು ಹೊಗದ ಫೋನುಗಳಿಗೆ ಅಲ್ಲಿ ಒಂದಿಷ್ಟು ವಿನಾಯಿತಿಯಿದೆ. ಅವನ್ನು ರಿಪೇರಿ ಬಲ್ಲವರು ಬಿಚ್ಚಿದರೆ ಸಾಕು. ಆದರೆ ಬಾಳಿಕೆಯನ್ನು ಮೊದಲು ತೋರಿಸಿ, ಆಮೇಲೆ ವಿನಾಯಿತಿ ಪಡೆಯಿರಿ ಎಂಬುದು ಆ ಕಾನೂನಿನ ಮಾತು. ಭಾರತದಲ್ಲೂ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂಬ ಹೆಸರಿನ ಜಾಲತಾಣವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆಯಿತು. ಮಾಹಿತಿ ಒದಗಿಸುವ ಈ ಹೆಜ್ಜೆ ಸ್ವಾಗತಾರ್ಹ. ಆದರೆ ಹಕ್ಕು ಹಕ್ಕಾಗಬೇಕಾದರೆ ತಯಾರಿಕೆಯ ಕಟ್ಟಳೆಯೇ ಬದಲಾಗಬೇಕು.

ಇದರಲ್ಲಿ ದೇಶದ ಸ್ವಾರ್ಥವೂ ಇದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ ಲಿಥಿಯಂ 1,600 ಟನ್ನು. ಅಷ್ಟರ ಸುದ್ದಿಗೇ ನಾಡು ಸಂಭ್ರಮಿಸಿತು. ನೆಲದೊಳಗಿನ ಲಿಥಿಯಂಗಾಗಿ ಕಲ್ಲು ಕೆದಕುವ ದೇಶ, ಟ್ರಂಕುಗಳಲ್ಲಿ ಕುಳಿತಿರುವ ಲಿಥಿಯಂ, ಕೋಬಾಲ್ಟ್, ತಾಮ್ರಗಳನ್ನು ತಿಪ್ಪೆಗೆ ಬಿಡುವುದು ಯಾವ ಜಾಣತನ? ಬ್ಯಾಟರಿ ಸುಲಭವಾಗಿ ಬಿಟ್ಟುಬಂದಷ್ಟೂ ಈ ಲೋಹಗಳು ಹಾಳಾಗದೆ ಮರಳುತ್ತವೆ, ಮತ್ತೊಂದು ಬೆಟ್ಟ ಅಗೆಯುವ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ. ಗಣಿಗಾರಿಕೆಯ ವಿರುದ್ಧ ದನಿಯೆತ್ತುವ ಬೆಟ್ಟದ ಜನರಿಗೆ ಈ ನಂಟು ಹೇಳಿಕೊಡಬೇಕಾದದ್ದಲ್ಲ.

ಊರಿನಲ್ಲಿ ಆಗಬೇಕಾದುದು

ದೆಹಲಿಯ ಕಟ್ಟಳೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಘನತ್ಯಾಜ್ಯ ಘಟಕಗಳೂ ಕಸ ಒಯ್ಯುವ ‘ಸ್ವಚ್ಛ ವಾಹಿನಿ’ಗಳೂ ಬಂದಿವೆ. ಅನೇಕ ಕಡೆ ವಾಹನದ ಚಾಲಕರೂ ಕಸ ವಿಂಗಡಿಸುವವರೂ ಸ್ವಸಹಾಯ ಸಂಘಗಳ ಮಹಿಳೆಯರು. ಒಣಕಸದ ಚೀಲದಲ್ಲಿ ಅಡಗಿ ಬಂದ ಉಬ್ಬಿದ ಫೋನು ಮೊದಲು ಸಿಗುವುದು ಅವರ ಬರಿಗೈಗೆ. ಬಳಸಿದ ಬ್ಯಾಟರಿಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳೇ ಹೆಸರಿಸಿದ್ದವು. ಆದರೂ ಅವುಗಳಿಗೆಂದೇ ಬೇರೆ ಪೆಟ್ಟಿಗೆ ಇಟ್ಟ ಪಂಚಾಯತಿಯನ್ನು ಹುಡುಕಬೇಕಾದ ಸ್ಥಿತಿಯಿದೆ.

ಇದಕ್ಕೆ ಬೇಕಾದುದು ದೊಡ್ಡ ಅನುದಾನವಲ್ಲ. ಪ್ರತಿ ಪಂಚಾಯತಿಯ ಕಟ್ಟೆಯ ಮೇಲೆ, ನೆರಳಿನಲ್ಲಿ, ಮರಳು ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ. ‘ಹಳೆ ಮೊಬೈಲು, ಬ್ಯಾಟರಿ ಇಲ್ಲಿ ಮಾತ್ರ’ ಎಂಬ ದಪ್ಪಕ್ಷರದ ಫಲಕ. ಬಂದದ್ದನ್ನು ಬರೆದಿಡುವ ಒಂದು ದಪ್ತರ. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನ ಪಂಚಾಯತಿಗಳ ಪೆಟ್ಟಿಗೆಗಳನ್ನೆಲ್ಲ ಒಂದೆಡೆ ಕೂಡಿಸಿ, ನೋಂದಾಯಿತ ಮರುಬಳಕೆದಾರರ ವಾಹನವನ್ನು ಊರಿಗೇ ಕರೆಸಬೇಕು. ಆ ಸಾಗಾಟದ ಖರ್ಚು ನಿಯಮದ ಪ್ರಕಾರ ಉತ್ಪಾದಕರ ಹೊಣೆಯಲ್ಲಿ ಬರಬೇಕಾದದ್ದು; ಅದನ್ನು ಕೊಡಿಸುವಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು. ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ ಮಂಡಳಿಗೂ ಜಿಲ್ಲಾ ಪಂಚಾಯತಿಗೂ ಕಳುಹಿಸಿದರೆ ಬೇಡಿಕೆಗೆ ಬಾಯಿ ಬರುತ್ತದೆ.

ರಿಪೇರಿ ಅಂಗಡಿಯವರನ್ನು ದೂರವಿಡದೆ ಜೊತೆಗೆ ಕರೆದುಕೊಳ್ಳಬೇಕು. ಒಂದು ದಿನದ ತರಬೇತಿ, ಪ್ಲಾಸ್ಟಿಕ್ ಸಾಧನಗಳ ಒಂದು ಕಟ್ಟು, ಒಪ್ಪಿಸಿದ ಪ್ರತಿ ಬ್ಯಾಟರಿಗೆ ಅಲ್ಪ ಗೌರವಧನ ಇಷ್ಟು ಸಿಕ್ಕರೆ ಗುಜರಿಗೆ ಹೋಗುವ ಫೋನುಗಳಲ್ಲಿ ಬಹುಪಾಲು ಸುರಕ್ಷಿತ ಕೈಗಳಿಗೆ ಬರುತ್ತವೆ. ಗುಜರಿಯವನಿಗೂ ಅವನ ಹಸಿರು ಹಲಗೆ ಸಿಗುತ್ತದೆ, ಸುತ್ತಿಗೆಯ ಏಟಿಗೆ ಬೆಂಕಿ ಏಳುವುದಿಲ್ಲ. ಹಂಸಭಾವಿಯಂಥ ವಿದ್ಯಾಕೇಂದ್ರಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಟ್ರಂಕಿನೊಳಗಿನ ಫೋನುಗಳ ಲೆಕ್ಕ ಬರೆದುಕೊಂಡು ಬಂದರೆ, ಇದುವರೆಗೆ ಯಾರ ಕಡತದಲ್ಲೂ ಇರದ ಸತ್ಯವೊಂದು ಪಂಚಾಯತಿಯ ಮುಂದೆ ನಿಲ್ಲುತ್ತದೆ. ಅಜ್ಜನ ದನಿ ಉಳಿದಿರುವ ಫೋನಿನಿಂದ ಆ ದನಿಯನ್ನು ಬೇರೆಡೆಗೆ ಇಳಿಸಿಕೊಡುವುದೂ ಈ ಮಕ್ಕಳಿಗೆ ಬರುವ ವಿದ್ಯೆಯೇ. ಆ ಒಂದು ಉಪಕಾರಕ್ಕೆ ಎಷ್ಟೋ ಮನೆಗಳು ಟ್ರಂಕಿನ ಬೀಗ ತೆರೆಯುತ್ತವೆ.

ಕೊರೊನಾ ಕಾಲದಲ್ಲಿ ಅಪ್ಪ-ಅವ್ವ ಸಾಲ ಮಾಡಿ ಕೊಡಿಸಿದ ಫೋನಿನಿಂದ ಪಾಠ ಕಲಿತ ಮಕ್ಕಳು ಈಗ ಕಾಲೇಜಿನ ಮೆಟ್ಟಿಲೇರಿದ್ದಾರೆ. ಆ ಫೋನು ಮನೆಯ ಬಣವೆಗೆ ಬೆಂಕಿಯಾಗದಂತೆ, ತಿಪ್ಪೆಯ ಮೂಲಕ ಹೊಲಕ್ಕೆ ಹೋಗದಂತೆ ನೋಡಿಕೊಳ್ಳುವುದು ಅವರಿಂದ ಆಗುವ ಕೆಲಸ. ಬ್ಯಾಟರಿಯನ್ನು ಅಂಟಿಸಿದವರು ಅದನ್ನು ಬಿಡಿಸುವ ಹೊಣೆಯನ್ನೂ ಹೊರಬೇಕೆಂದು ಕೇಳುವುದು ಇಡೀ ಊರಿನ ಕೆಲಸ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ರಸ್ತೆ, ಚರಂಡಿ, ಬೀದಿದೀಪಗಳ ಜೊತೆಗೆ ಮರಳು ತುಂಬಿದ ಒಂದು ಪೆಟ್ಟಿಗೆಯ ಮಾತೂ ಸೇರಲಿ.